ಕ್ಷಮೆ ಕೇಳುವ ಗುಂಡಿ

ಯಾವುದೋ ಊರಿನಲ್ಲಿ ಒಬ್ಬ ಶ್ರೀಮಂತನಿದ್ದ ಎಂದಿಟ್ಟುಕೊಳ್ಳಿ. ಎಷ್ಟು ಶ್ರೀಮಂತ ಎಂದು ಕೇಳಬೇಡಿ, ನಿಮ್ಮ ಮನಸ್ಸು ಅಲ್ಲೇ ಕೂತುಬಿಡುತ್ತದೆ! ಅವನ ಮಗ ವಿಶ್ವವಿದ್ಯಾಲಯದಲ್ಲಿ ಉದ್ಯಮ ನಡೆಸುವುದನ್ನು ಕಲಿಯುತ್ತಿದ್ದ. ಹೇಗೆ ಕಲಿಯುತ್ತಿದ್ದ? ಕಂಪ್ಯೂಟರಿನೊಳಗೆ. ಮನೆಮನೆಗೆ ಕ್ಯಾರಿಯರ್ ಊಟ ಕಳಿಸುವ ಆಟ. ಸುಳ್ಳು ಅಡುಗೆಮನೆ, ಸುಳ್ಳು ಗಿರಾಕಿಗಳು. ಗಿರಾಕಿ ಸಿಟ್ಟಾದರೆ ಪರದೆಯ ಮೇಲೆ ಕೆಂಪು ಚುಕ್ಕೆ. ‘ಕ್ಷಮೆ ಕೇಳಿ’ ಎಂಬ ಗುಂಡಿ ಒತ್ತಿದರೆ ಚುಕ್ಕೆ ಹಸಿರು. ಹುಡುಗ ಒತ್ತಿದ, ಒತ್ತಿದ, ಒತ್ತುತ್ತಲೇ ಹೋದ. ತರಗತಿಗೇ ಮೊದಲಿಗನಾದ.

ಅಪ್ಪ ಹಿಗ್ಗಿ ನಿಜವಾದ ಅಡುಗೆಮನೆಯನ್ನೇ ಹಾಕಿಕೊಟ್ಟ. ಚೆನ್ನಾಗಿಯೇ ನಡೆಯುತ್ತಿತ್ತು. ಒಂದು ದಿನ ಬಾಣಂತಿಯೊಬ್ಬಳ ಮನೆಗೆ ಪಥ್ಯದ ಊಟದ ಬದಲು ಬದನೆಕಾಯಿ ಎಣ್ಣೆಗಾಯಿ ಹೋಯಿತು. ನೋಡಿ, ಹಸಿ ಬಾಣಂತಿ! ಆಕೆ ಏನು ತಿನ್ನಬೇಕು? ಹುಡುಗ ಫೋನಿನಲ್ಲಿ ‘ತೊಂದರೆಗೆ ವಿಷಾದಿಸುತ್ತೇವೆ’ ಎಂದು ಬರೆದು, ಕೈಮುಗಿಯುವ ಚಿತ್ರವೊಂದನ್ನು ಅಂಟಿಸಿ ಕಳಿಸಿ ನೆಮ್ಮದಿಯಾದ. ಮಾರನೆಯ ದಿನ ಆ ಮನೆ ಕ್ಯಾರಿಯರ್ ಬೇಡವೆಂದಿತು. ವಾರದೊಳಗೆ ಬೀದಿಯೇ ಬೇಡವೆಂದಿತು. ಅಡುಗೆಮನೆ ಮುಚ್ಚುವ ಸ್ಥಿತಿ ಬಂತು.

ಹುಡುಗ ಆ ಆಟ ಕಲಿಸಿದ ಮೇಷ್ಟರ ಬಳಿಗೆ ಓಡಿದ. “ಸಾರ್, ಕ್ಷಮೆ ಕೇಳಿದೀನಿ. ಯಾಕೆ ಸರಿಹೋಗ್ಲಿಲ್ಲ?”

“ಆಟದಲ್ಲಿ ಚುಕ್ಕೆ ಹಸಿರಾಗ್ಲಿ ಅಂತ ನಾವೇ ಬರೆದಿಟ್ಟಿದ್ವಿ ಕಣಯ್ಯ. ನಮ್ದೂ ತಪ್ಪೇ. ಆ ಮನೆಗೆ ಹೋಗಿದ್ಯಾ?”

ಹೋಗಿರಲಿಲ್ಲ. ಹೋದ. ಬಾಣಂತಿಯ ಅಕ್ಕ ಕೆಲಸಕ್ಕೆ ಹೊರಟು ಬಾಗಿಲಲ್ಲೇ ನಿಂತಿದ್ದಳು.

“ನನ್ ತಂಗಿ ಹಸ್ಕೊಂಡೇ ಮಗೂಗೆ ಹಾಲು ಕೊಟ್ಲು. ನೀನು ಫೋನಲ್ಲಿ ಕೈಮುಗಿದು ಸುಮ್ನಾದೆ! ಥೂ, ನಿನ್ ಓದಿಗಿಷ್ಟು!”

ಹುಡುಗನಿಗೆ ನಾಚಿಕೆಯಾಯಿತು, ಓಡಿಹೋಗಬೇಕೆನಿಸಿತು. ಆದರೂ ನಿಂತು ಬೈಸಿಕೊಂಡ. “ತಪ್ಪಾಯ್ತು ಅಕ್ಕ. ನಾಳೆಯಿಂದ ನಿಮ್ ತಂಗಿ ಊಟ ನಾನೇ ನೋಡಿ ತುಂಬಿಸಿ, ನಾನೇ ತರ್ತೀನಿ.”

ಆಕೆ ಚೀಲ ಹೆಗಲಿಗೇರಿಸಿಕೊಂಡಳು. “ಸಾರಿಗೆ ಬೆಳ್ಳುಳ್ಳಿ ಜಾಸ್ತಿ ಹಾಕ್ಸು. ತಡ ಮಾಡ್ಬೇಡ” ಎಂದಳು.

ಆಟ ಕೆಟ್ಟದ್ದು ಎಂದು ನಾನು ಹೇಳುತ್ತಿಲ್ಲ. ಅಭ್ಯಾಸ ಬೇಕು. ನೀವು ಈ ದೇವಸ್ಥಾನಕ್ಕೆ ಬಂದು ಕೂತಿರುವುದೂ ಅಭ್ಯಾಸಕ್ಕೇ ಅಲ್ಲವೇ? ಈಗ ಮಂಗಳಾರತಿಯಾಗುತ್ತದೆ. ಗಲ್ಲ ಬಡಿದುಕೊಂಡು ‘ತಪ್ಪಾಯ್ತು ದೇವರೇ’ ಎನ್ನುತ್ತೀರಿ. ಅಲ್ಲ, ದೇವರಿಗೆ ನೀವೇನು ಮಾಡಿದಿರಿ? ಬೆಳಿಗ್ಗೆ ಬೈದದ್ದು ಸೊಸೆಯನ್ನು. ಮಾತು ಬಿಟ್ಟದ್ದು ತಮ್ಮನ ಜೊತೆ. ಗುಂಡಿ ಒತ್ತುವುದು ಮಾತ್ರ ಇಲ್ಲಿ ಬಂದು! ಆ ‘ತಪ್ಪಾಯ್ತು’ ಎಂಬ ಮಾತನ್ನು ಇಂದು ಅವರೆದುರು ನಿಂತು ಹೇಳಿ. ಬೈದರೆ ಬೈಸಿಕೊಳ್ಳಿ. ಕೆಲವರು ಮನೆಯವರೆಗೂ ಹೋಗಬೇಕಾಗಿಲ್ಲ. ಆ ತಮ್ಮ ಇಲ್ಲೇ, ಹಿಂದಿನ ಕಂಬದ ಹತ್ತಿರ ಕೂತಿದ್ದಾನೆ. ಎದ್ದು ಹೋಗಿ. ಮಂಗಳಾರತಿ ಕಾಯುತ್ತದೆ.