ಝುಣಕದಾಗಿನ ಕೇಟು

...ಯಾರ ಮುಂದೂ ಅನಬ್ಯಾಡ ಅಂತ ಮಮ್ಮಿ ಆಣಿ ಹಾಕ್ಯಾಳ. ಆದ್ರ ಅಜ್ಜಿ, ಆ ಝುಣಕ ಅಯ್ಯನೋರಿಗೆ ಬಡಸಬ್ಯಾಡ! ತಾಟ ಕೆಳಗಿಡು... ಇಡವ್ವಾ...

ಉಪ್ಪು ಸರಿ ಐತಿ. ಖಾರಾನೂ ಸರಿ ಐತಿ. ಅದಲ್ಲ.

ಗೊತ್ತೈತಿ, ಅವರು ನಿನಗ ಲಿಂಗ ಕಟ್ಟಿದ ಗುರುಗಳು. ಬೀದರದಿಂದ ಬಂದು ಸನತ್‌ನಗರ ಸ್ಟಾಪಿಗೆ ಇಳದಾರ. ಅದಕ್ಕ ಹೇಳಾಕತ್ತೀನಿ... ಕುಂದ್ರು.

ನಿನ್ನ ಎಲುಬು ಟೊಳ್ಳಾಗ್ಯಾವ ಅಂತ ಡಾಕ್ಟರ್ ಅಂದ್ರಲ್ಲ? ನಾ ಲೈಬ್ರರಿಯಾಗ ಓದಿದೆ. ವಿಟಮಿನ್ ಕೆ ಅಂತ ಐತಿ. ಅದರಾಗ ಕೆ-ಒನ್ ಸೊಪ್ಪಿನಾಗ ಇರತೈತಿ... ಪಾಲಕ, ರಾಜಗಿರಿ... ಅದು ನೀ ದಿನಾ ತಿಂತಿ. ಕೆ-ಟೂ ಬ್ಯಾರೆ. ಜಪಾನಿನ್ಯಾಗ ಸೋಯಾ ಹುಳಿಸಿ ತಿಂತಾರಂತ, ಅದರಾಗ ಭಾಳ. ಚೀಜಿನ್ಯಾಗ ಒಂದೀಟು. ಮತ್ತ... ಹೂಂ, ನೀ ಕೆ-ಟೂಗ 'ಕೇಟು ಹಾಕೀಯೇನವ್ವಾ' ಅಂತೀಯಲ್ಲ, ಅದ. ಯಾಕ ನಗತಿ? ನಗಬ್ಯಾಡ ಅಜ್ಜಿ! ಅಯ್ಯನೋರಿಗೂ ಫೋನಿನ್ಯಾಗ ಹೇಳಿಬಿಟ್ಟಿ, 'ನಮ್ಮ ಐಶ್ವರ್ಯಾ ಕೇಟು ಹಾಕಿ ಝುಣಕ ಮಾಡ್ತಾಳ, ಒಂದ ತುತ್ತು ತಗೋರಿ' ಅಂತ...

ನೀ ತಿಳಕೊಂಡಂಗ ಅದು ಪುಡಿ ಅಲ್ಲ. ಮೆಡಿಕಲ್ಲಿನಿಂದ ತಂದದ್ದೂ ಅಲ್ಲ. ಝುಣಕ ಕಡ್ಲಿಹಿಟ್ಟಿಂದು, ಹಳದಿ ಇರತೈತಿ, ಅದರಾಗ ಇನ್ನೊಂದ ಹಳದಿ ಕಲಸಿದ್ರ... ಕಾಣಂಗಿಲ್ಲ.

ಅರಿಶಿಣ ಅಲ್ಲ ಅಜ್ಜಿ.

ತತ್ತಿ... ಕೋಳಿ ತತ್ತೀ ಒಳಗಿನ ಹಳದಿ.

ಒಂದ ಸಲ! ಮಮ್ಮಿ ಹಾಕಿದ್ಲು, ಒಂದ ಸಲ... ಹಂಗ ನೋಡಬ್ಯಾಡ. ಏನರ ಅನ್ನು. ಬೈ. ಹೊಡಿ ಬೇಕಾದ್ರ...

...ಮಮ್ಮಿ ಅಲ್ಲ. ಆಕಿ ಇವತ್ತ ಮುಂಜಾನೆ ಕಸದಾಗ ಸಿಪ್ಪಿ ನೋಡಿ ನನಗ ಆಣಿ ಹಾಕಿದ್ಲು. ಹಾಕಿದಾಕಿ ನಾ. ಒಂದ ಸಲಾನೂ ಅಲ್ಲ... ನೀ 'ಭಾಳ ರುಚಿ ಆಗೈತಿ' ಅಂದಾಗೆಲ್ಲಾ. ಕಿರಾಣಿ ಅಂಗಡ್ಯಾಗ ತತ್ತಿಗೆ 'ಗುಡ್ಡು' ಅಂತ ತೆಲುಗಿನಾಗ ಕೇಳತಿದ್ದೆ. ನಮ್ಮ ಮಾತಿನಾಗ ಕೇಳಾಕ ಬಾಯಿ ಬರತಿದ್ದಿಲ್ಲ. ಪುಸ್ತಕದಾಗ 'ಎಲುಬಿಗೆ ಒಳ್ಳೇದಿರಬಹುದು' ಅಂತಿತ್ತು. ನಾ 'ಇರಬಹುದು' ಬಿಟ್ಟು ಓದಿದೆ...

ಅಜ್ಜಿ, ಕೊಳ್ಳಾಗಿನ ಲಿಂಗ ಯಾಕ ತಗೀತಿ? ಅದನ್ನ ತಗೀಬ್ಯಾಡ! ತಪ್ಪು ನಂದು, ನಿಂದಲ್ಲ... ನಿನಗ ಗೊತ್ತ ಇದ್ದಿಲ್ಲ...

ಬೆಲ್ ಆತು.

ಅಜ್ಜಿ... ಬಂದಾರ. ಏಳವ್ವಾ. ನಾ ತೆಗೀಲೇನು? ತೆಗದು ಏನಂತ ಅನ್ಲಿ?... ಬಾಗಲಾ ಬಡ್ಯಾಕತ್ತಾರ. ನಿನ್ನ ಹೆಸರ ಹಿಡದು 'ಗುರುದೇವೀ' ಅಂತ ಕರ್ಯಾಕತ್ತಾರ, ಕೇಳಸ್ತೈತಿಲ್ಲೋ?

ನನಗಲ್ಲದಿದ್ರ ಅವರಿಗರ... ಓ ಅನ್ನು, ಅಜ್ಜಿ...