ನಿಂತ ಗಡಿಯಾರ

ಇಂಗ್ಲಿಷ್ ಮಾತಿನ ಪರೀಕ್ಷೆಗೆ ಸರದಿ ಕಾಯುತ್ತಿದ್ದ ನರ್ಸಮ್ಮನ ಕಣ್ಣು ಪುಸ್ತಕದ ಮೇಲಿತ್ತು. ಕಿವಿ ಮಾತ್ರ ಪಕ್ಕದ ಬೆಂಚಿನ ಅಕ್ಕ-ತಮ್ಮನ ಕಡೆಗಿತ್ತು.

“ರಾಜಧಾನಿಯ ಪ್ರಸಿದ್ಧ ಜಾಗದ ಬಗ್ಗೆ ಕೇಳ್ತಾರೆ. ಹೇಳು ನೋಡೋಣ,” ಎಂದಳು ಅಕ್ಕ.

“ಕ್ಲಾಕ್ ಟವರ್ ಈಸ್ ವೆರಿ ಟಾಲ್. ವೆರಿ ಬ್ಯೂಟಿಫುಲ್.”

“ಗಿಳಿಪಾಠ ಒಪ್ಪಿಸಬೇಡ ಕಣೋ. ಅಪ್ಪ ಆಸ್ಪತ್ರೇಲಿದ್ದಾಗ ದಿನಾ ಕಿಟಕೀಲಿ ನೋಡ್ತಿದ್ದೆಯಲ್ಲ, ಅದನ್ನ ಹೇಳು.”

“ಏನಂತ ಹೇಳಲಿ? ಆ ಗಡಿಯಾರ ಕೆಟ್ಟು ನಿಂತಿತ್ತು. ಯಾವಾಗ ನೋಡಿದ್ರೂ ನಾಲ್ಕು ಗಂಟೆ.”

“ಮತ್ತೆ ಅಪ್ಪ ಟೈಮ್ ಕೇಳಿದ್ರೆ ಏನು ಹೇಳ್ತಿದ್ದೆ?”

“ನಾಲ್ಕು ಅಂತಲೇ. ನೀನು ಕೆಲಸ ಮುಗಿಸಿ ಐದಕ್ಕೆ ಬರ್ತೀನಿ ಅಂದಿದ್ದೆಯಲ್ಲ. ‘ಹಾಗಾದ್ರೆ ಮಗಳು ಇನ್ನೇನು ಬಂದಳು’ ಅಂತ ಸಮಾಧಾನವಾಗಿ ಒರಗಿಕೊಳ್ಳೋರು.”

ಅಕ್ಕ ಅವನ ಕಡೆಗೆ ತಿರುಗಿ ಕೂತಳು.

“ಅದಕ್ಕೇನಾ, ನಾನು ಎಷ್ಟು ಹೊತ್ತಿಗೆ ಹೋದ್ರೂ ಒಂದಿನವೂ ‘ಯಾಕೆ ತಡ’ ಅಂತ ಕೇಳಲಿಲ್ಲ ಅವರು. ಒಳಗೆ ಇದನ್ನೇ ಹೇಳೋ.”

“ಅಷ್ಟೆಲ್ಲ ಇಂಗ್ಲಿಷ್ ನನಗೆಲ್ಲಿ ಬರುತ್ತಕ್ಕಾ?”

ಒಳಗಿನಿಂದ ಕರೆ ಬಂತು. ತಮ್ಮ ಅಂಗಿ ಸರಿಮಾಡಿಕೊಂಡು ಹೋದ. ಅರೆತೆರೆದ ಬಾಗಿಲಿನಿಂದ ಅದೇ ಗಿಳಿಪಾಠ ಕೇಳಿಸಿ, ನಡುವೆಯೇ ತಡವರಿಸಿ ನಿಂತಿತು.

“ಸರ್, ಕ್ಲಾಕ್ ನಾಟ್ ವರ್ಕಿಂಗ್. ಮೈ ಫಾದರ್ ವೆರಿ ಹ್ಯಾಪಿ.”