ಮಿಣುಕಿ ಅನ್ನೋ ಹೆಸರಿಗೆ ಬಂದ ಉತ್ತರ

ಲೈಟು ಹಾಕಬೇಡಿ, ಹೇಳ್ತೀನಿ. ಇದು ಎಲ್ಲೋ ಯಾರಿಗೋ ಆದದ್ದಲ್ಲ. ನಮ್ಮ ಸ್ವಂತ ದೊಡ್ಡಪ್ಪನ ಮಗನಿಗೆ ಆದದ್ದು. ಕಂಪ್ಯೂಟರ್ ರಿಪೇರಿ ಅವನ ಕಸುಬು. ಹೆಗಲಲ್ಲಿ ಸದಾ ವೈರಿನ ಸುರುಳಿ ನೇತಾಡುತ್ತಿತ್ತು, ಹಾಗಾಗಿ ಎಲ್ಲರ ಬಾಯಲ್ಲೂ ವೈರಣ್ಣ. ದೆವ್ವ ಗಿವ್ವ ಅಂದರೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ ಆಸಾಮಿ.

ಅವತ್ತು ರಾತ್ರಿ ಹತ್ತೂವರೆ. ಅಂಗಡಿ ಬಾಗಿಲು ಎಳೆದು ಮನೆಗೆ ನಡೆದು ಬರುತ್ತಿದ್ದ. ದಾರಿಯಲ್ಲಿ ಹಳೇ ಬಾವಿ. ಆಗಲೇ ಹನ್ನೊಂದು ವರ್ಷದಿಂದ ಅದರ ಬಾಯಿಗೆ ಕಬ್ಬಿಣದ ಜಾಲರಿ ಹಾಕಿತ್ತು. ಅಲ್ಲಿಗೆ ಬಂದಾಗ ಅವನು ತಲೆ ತಗ್ಗಿಸಿ ಬಿರಬಿರನೆ ದಾಟಿಬಿಡುತ್ತಿದ್ದ. ಅವತ್ತೂ ದಾಟಿದ. ಹಿಂದಿನಿಂದ... ಕಿರ್ರ್... ಜಾಲರಿಯ ಸದ್ದು. ಗಾಳಿ ಇರಲಿಲ್ಲ. ಅವನು ತಿರುಗಿ ನೋಡಲಿಲ್ಲ.

ಬಾವಿ ಎದುರಿನ ಮನೆ ಕಿಟಕಿಯಿಂದ ಪಿಸುದನಿ ಬಂತು.

“ವೈರಣ್ಣಾ... ಒಂದ್ನಿಮಿಷ ಬರ್ತೀರಾ?”

ಸ್ಕೂಲಿನ ಟೀಚರಮ್ಮ.

“ಏನಾಯ್ತು ಮೇಡಂ?”

“ಹನ್ನೆರಡರೊಳಗೆ ಮಕ್ಕಳ ಮಾರ್ಕ್ಸ್ ಹಾಕ್ಬೇಕು. ಒಂದು ಪೇಜೂ ಓಪನ್ ಆಗ್ತಿಲ್ಲ. ಮೆಲ್ಲಗೆ ಬನ್ನಿ, ಅತ್ತೆ ಮಲಗಿದಾರೆ.”

ಒಳಗೆ ಹೋಗುವ ಮೊದಲು ವೈರಣ್ಣ ಅಮ್ಮನಿಗೆ ಫೋನ್ ಮಾಡಿದ. “ಬಾವಿ ಹತ್ರ ಟೀಚರಮ್ಮನ ಮನೇಲಿದೀನಿ. ಚಿಲಕ ಹಾಕ್ಕೊಂಡು ಮಲಕ್ಕೋ.”

ಕಂಪ್ಯೂಟರಿನ ಫ್ಯಾನು ಗುಂಯ್ ಅನ್ನುತ್ತಿತ್ತು. ಅವನು ಕೂತು ಪರೀಕ್ಷೆ ಮಾಡಿದ. ನಂಬರ್ ಕೊಟ್ಟರೆ ಸಂಪರ್ಕ ಸಿಗುತ್ತಿದೆ. ಹೆಸರು ಕೊಟ್ಟರೆ ಇಲ್ಲ.

“ಲೈನ್ ಸರಿಯಾಗಿದೆ ಮೇಡಂ. ಕಂಪ್ಯೂಟರಿಗೆ ಹೆಸರು ಗೊತ್ತಾಗಲ್ಲ, ನಂಬರೇ ಬೇಕು. ನಾವು ವೆಬ್‌ಸೈಟಿನ ಹೆಸರು ಹೊಡೆದ್ರೆ, ಇದು ಹೋಗಿ ಇನ್ನೊಂದು ಕಂಪ್ಯೂಟರನ್ನ ‘ಇವರು ಎಲ್ಲಿದಾರೆ’ ಅಂತ ಕೇಳುತ್ತೆ. ಅದು ಹೇಳಿದ್ರೇನೇ ಇದು ಹೋಗೋದು. ಆ ಹೇಳೋರೇ ಈಗ ಬಾಯಿ ಬಿಡ್ತಿಲ್ಲ.”

ಕಂಪ್ಯೂಟರ್ ನೆನಪಲ್ಲಿಟ್ಟುಕೊಂಡಿದ್ದ ಹಳೇ ಉತ್ತರಗಳನ್ನೆಲ್ಲ ಅಳಿಸಿದ. ಕೇಳಬೇಕಾದ ಕಂಪ್ಯೂಟರನ್ನೇ ಬದಲಾಯಿಸಿದ. ರೌಟರ್ ಆರಿಸಿ ಹಚ್ಚಿದ... ಟಿಕ್. ಮಾರ್ಕ್ಸಿನ ಪೇಜು ಬಂತು. ಟೀಚರಮ್ಮ ಉಸಿರುಬಿಟ್ಟು, ಅಂಕಗಳ ಪುಸ್ತಕ ತರಲು ಒಳಗೆ ಹೋದರು.

ಕೊನೆಯಲ್ಲಿ ಅವನದೊಂದು ಪರೀಕ್ಷೆ ಇರುತ್ತಿತ್ತು. ಲೋಕದಲ್ಲೇ ಇಲ್ಲದ ಒಂದು ಹೆಸರು ಹೊಡೆದು ನೋಡುವುದು. ‘ಆ ಹೆಸರಿನವರು ಇಲ್ಲ’ ಅಂತ ಬಂದರೆ ಎಲ್ಲ ಸರಿ. ಬೇರೆಯವರು ಬಾಯಿಗೆ ಬಂದದ್ದು ಹೊಡೆಯುತ್ತಾರೆ. ಇವನು ಹೊಡೆಯುತ್ತಿದ್ದದ್ದು ‘ಮಿಣುಕಿ’.

ಮಿಣುಕಿ ಅವನ ತಂಗಿ. ಆರು ವರ್ಷಕ್ಕೇ ತೀರಿಕೊಂಡಳು. ಅವತ್ತು ಅಮ್ಮ ಹೊರಗೆ ಹೋಗಿದ್ದರು, ಮಗು ಇವನ ಸುಪರ್ದಿಯಲ್ಲಿತ್ತು. ಇವನಿಗೋ, ಮನೆಗೆ ಹೊಸದಾಗಿ ಬಂದ ಕಂಪ್ಯೂಟರಿನ ಹುಚ್ಚು. ಕಣ್ಣಾಮುಚ್ಚಾಲೆ ಆಡೋಣ ಬಾ ಅಂತ ಅವಳು ಪ್ರಾಣ ತಿನ್ನುತ್ತಿದ್ದಳು. “ಸರಿ, ನೂರು ಎಣಿಸಿ ಹುಡುಕು” ಅಂತ ಹೊರಗೆ ಸಾಗಹಾಕಿ, ಅಟ್ಟದ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಕೂತ. “ಅಣ್ಣಾ... ಎಲ್ಲಿದ್ದೀಯಾ?” ಅಂತ ಅವಳು ಕೂಗುತ್ತಾ ಹೋದದ್ದು ಕೇಳಿಸಿತ್ತು. ಓಗೊಡಲಿಲ್ಲ. ಅವಳು ಮಂಚದ ಕೆಳಗೆ ನೋಡಿದಳು, ಬಾಗಿಲ ಸಂದಿಯಲ್ಲಿ ನೋಡಿದಳು, ಕೊನೆಗೆ ಆ ಹಳೇ ಬಾವಿಗೂ ಬಗ್ಗಿ ನೋಡಿದಳು.

ಆ ಆಟದ ವಿಷಯ ಅವನು ಯಾರ ಹತ್ತಿರವೂ ಬಾಯಿ ಬಿಟ್ಟಿರಲಿಲ್ಲ. ಹೆತ್ತ ತಾಯಿಗೂ. ಆದರೆ ಹೋದ ಹೋದ ಮನೆಯಲ್ಲೆಲ್ಲ ಆ ಹೆಸರು ಹೊಡೆದು, ‘ಇಲ್ಲ’ ಅಂತ ಓದಿಕೊಳ್ಳುತ್ತಿದ್ದ. ಅದು ಅವನಿಗೆ ಅವನೇ ಕೊಟ್ಟುಕೊಂಡ ಶಿಕ್ಷೆ. ಪಾಪ.

ಅವತ್ತು ‘ಇಲ್ಲ’ ಅಂತ ಬರಲಿಲ್ಲ. ನಂಬರ್ ಬಂತು.

ಇಂಟರ್ನೆಟ್ ಕಂಪನಿಯವರು ಜಾಹೀರಾತು ತೋರಿಸೋಕೆ ಇಲ್ಲದ ಹೆಸರಿಗೂ ತಮ್ಮ ನಂಬರ್ ಕೊಡೋ ಕಿತಾಪತಿ ಅಂದುಕೊಂಡ. ಹಾಗೂ ಆಗುವುದುಂಟು. ಆ ನಂಬರಿಗೆ ಒಂದು ಕೂಗು ಕಳಿಸಿದ. ಮರುಕೂಗು ಬರಲು ಎಷ್ಟು ಹೊತ್ತು ಹಿಡಿಯಿತು ಅಂತ ನೋಡಿದರೆ ದೂರ ಎಷ್ಟು ಅಂತ ಅಂದಾಜು ಸಿಗುತ್ತದೆ. ಅಂಕಿ ದೊಡ್ಡದಿದ್ದರೆ ದೂರ. ಚಿಕ್ಕದಿದ್ದರೆ ಹತ್ತಿರ.

ನಾನೂರ ಹನ್ನೆರಡು.

ಇನ್ನೂರ ಮೂವತ್ತು.

ತೊಂಬತ್ತಾರು...

ಹೊರಗೆ ಜಾಲರಿ... ಕಿರ್ರ್... ಆಮೇಲೆ ಠಣ್.

ಮೂವತ್ತೊಂದು. ಎಂಟು.

ಅವನು ವೈರು ಕಿತ್ತುಬಿಟ್ಟ. ಕೈಯಲ್ಲೇ ಹಿಡಿದುಕೊಂಡಿದ್ದ, ನೋಡಿ. ಆದರೂ ಪರದೆಯ ಮೇಲೆ ಮುಂದಿನ ಸಾಲು ಬಂತು.

ಮೂರು. ಒಂದು. ಒಂದಕ್ಕಿಂತ ಕಡಿಮೆ.

ಬೆನ್ನ ಮೇಲೆ ಒಂದು ಪುಟ್ಟ ಅಂಗೈ ತಟ್ಟಿತು. ಒದ್ದೆ ಅಂಗೈ.

“ಸಿಕ್ದೆ... ಈಗ ನೀನು ಎಣಿಸು.”

ಅಷ್ಟೇ. ಫ್ಯಾನು ನಿಂತುಹೋಯಿತು. ಟೀಚರಮ್ಮ ಪುಸ್ತಕ ಹಿಡಿದು ಬಾಗಿಲಲ್ಲಿ ನಿಂತಿದ್ದರು.

“ಈಗ ಹೊರಗೆ ಓಡಿಹೋಯ್ತಲ್ಲ... ಆ ಮಗು ಯಾರದು?”

ಅವನು ಎದ್ದು ಹೊರಗೆ ಓಡಿದ. ಬಾವಿಯ ಕಡೆ ತಿರುಗಿಯೂ ನೋಡದೆ, ಬಿದ್ದು ಎದ್ದು ಮನೆ ಸೇರಿದ. ದೊಡ್ಡಮ್ಮ ಹೊಸಿಲ ಮೇಲೆ ಕೂತಿದ್ದರು.

“ಇನ್ನೂ ಮಲಗಿಲ್ವೇನಮ್ಮ?”

“ಮಲಗಿದ್ದೆ ಕಣೋ. ಮಿಣುಕಿ ಬಂದಿದ್ಲು.”

ಅವನು ತಿರುಗಿ ಬೀದಿಯ ಕಡೆ ನೋಡಿದ.

“ದಿನಾ ಬರ್ತಾಳೆ. ಹನ್ನೊಂದು ವರ್ಷದಿಂದ ಬಾಗಿಲಾಚೆ ನಿಂತು ‘ಅಮ್ಮಾ, ಅಣ್ಣ ಎಲ್ಲಿ ಬಚ್ಚಿಟ್ಕೊಂಡಿದಾನೆ’ ಅಂತ ಕೇಳ್ತಾಳೆ. ಗೊತ್ತಿಲ್ಲ ಮಗಾ ಅಂದು ಕಳಿಸ್ಬಿಡ್ತಿದ್ದೆ... ನೀನೊಬ್ಬನಾದ್ರೂ ನಂಗೆ ಉಳೀಲಿ ಅಂತ.” ದೊಡ್ಡಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. “ಇವತ್ತು ನಿದ್ದೆಗಣ್ಣಲ್ಲಿದ್ದೆ. ಟೀಚರಮ್ಮನ ಮನೇಲಿ ಅಂದ್ಬಿಟ್ಟೆ ಕಣೋ.”

ಇದನ್ನೆಲ್ಲ ಅವನೇ ನನಗೆ ಹೇಳಿದ್ದು, ಮಾರನೇ ದಿನ ಬೆಳಿಗ್ಗೆ. ಅದೇ ಕೊನೆ, ಆಮೇಲೆ ಅವನು ಯಾರ ಜೊತೆಗೂ ನೆಟ್ಟಗೆ ಮಾತಾಡಿಲ್ಲ. ಅಂಗಡಿ ಮುಚ್ಚಿ ಎರಡು ವರ್ಷವಾಯಿತು. ದೊಡ್ಡಮ್ಮ ಈಗಲೂ ಬಾಗಿಲ ಬುಡದಲ್ಲೇ ಚಾಪೆ ಹಾಸಿ ಮಲಗುತ್ತಾರೆ. ಆ ರಾತ್ರಿಯಿಂದ ಯಾರೂ ಬಂದು ಕೇಳಿಲ್ಲ.

ನಂಬಿದರೆ ನಂಬಿ, ಬಿಟ್ಟರೆ ಬಿಡಿ. ಹೋದ ವಾರ ನಾನು ಅವರ ಮನೆಯಲ್ಲೇ ಉಳಿದಿದ್ದೆ. ಕತ್ತಲಾದ ಮೇಲೆ ವೈರಣ್ಣ ಗೋಡೆಗೆ ಮುಖ ಮಾಡಿ, ಕಣ್ಣು ಮುಚ್ಚಿ ನಿಂತ. ಎಣಿಸೋಕೆ ಶುರು ಮಾಡಿದ. ಬೆಳಗಿನವರೆಗೂ ಎಣಿಸಿದ, ಕಿವಿಯಾರೆ ಕೇಳಿದ್ದೀನಿ. ತೊಂಬತ್ತೊಂಬತ್ತಕ್ಕೆ ನಿಲ್ಲಿಸುತ್ತಾನೆ... ನೂರು ಅನ್ನುವುದಿಲ್ಲ. ಮತ್ತೆ ಒಂದರಿಂದ.